ಬೀಗದ ಕೈ

ಪ್ರೀತಿಯ ಪುಟ್ಟಾ,

ನೀನು ಕಳಿಸಿದ, ಪಾದ್ರಿಯಾದ ದಿನದ ದೀಕ್ಷೆಯ ಫೋಟೋ ನೋಡಿದೆ. ಬಿಳಿ ನಿಲುವಂಗಿ ನಿನಗೆ ಚೆನ್ನಾಗಿ ಒಪ್ಪುತ್ತದೆ. ನಿನ್ನ ದೊಡ್ಡಮ್ಮ ಅದನ್ನು ಅಕ್ಕಪಕ್ಕದ ಮನೆಗೆಲ್ಲ ತೋರಿಸಿ ಬಂದಳು. ನನ್ನ ಕಣ್ಣು ಮಾತ್ರ ನಿನ್ನ ಪಕ್ಕದ ಹುಡುಗನ ಮೇಲೆ ನಿಂತಿತು. ಅವನು ನಿನಗೆ ಛತ್ರಿ ಹಿಡಿದಿದ್ದಾನೆ. ಅವನ ಅರ್ಧ ಮೈ ತೊಯ್ದಿದೆ. ನೀನು ಕ್ಯಾಮೆರಾ ನೋಡಿ ನಗುತ್ತಿದ್ದೀಯ. ಬೈಯುತ್ತಿಲ್ಲ, ಅವನು ಪ್ರೀತಿಯಿಂದಲೇ ಹಿಡಿದಿರುತ್ತಾನೆ. ಆದರೆ ಸಭೆ ನೋಡಿಕೊಳ್ಳಲು ನಮ್ಮ ಮಲೆನಾಡಿಗೆ ಬಂದರೆ ಇಂಥ ಛತ್ರಿಗಳು ಮಳೆಗಾಲ ಪೂರ್ತಿ ಸಿಗುತ್ತವೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದು ತಮಾಷೆ ನಡೆದುಹೋಗಿದೆ ನೋಡು. ‘ದೇವರ ಸೇವಕರು’ ಅನ್ನುವುದೇ ಈಗ ಒಂದು ಪದವಿ. ಬ್ಯಾನರಿನಲ್ಲಿ ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಹಾಕದಿದ್ದರೆ ಬೇಜಾರು ಮಾಡಿಕೊಳ್ಳುವವರೂ ಇದ್ದಾರೆ! ಮಾರ್ಕನ ಸುವಾರ್ತೆ 10ನೇ ಅಧ್ಯಾಯ ತೆಗೆ. ಯಾಕೋಬ, ಯೋಹಾನ ಇಬ್ಬರೂ ಯೇಸುಸ್ವಾಮಿಯ ಬಲಕ್ಕೊಬ್ಬ, ಎಡಕ್ಕೊಬ್ಬ ಕೂರಬೇಕೆಂದು ಕೇಳುತ್ತಾರೆ. ಉಳಿದ ಹತ್ತು ಜನಕ್ಕೆ ಸಿಟ್ಟು ಬರುತ್ತದೆ. (ಅವರಿಗೂ ಆ ಜಾಗದ ಮೇಲೆ ಕಣ್ಣಿತ್ತು ಅಂತ ನನ್ನ ಅನುಮಾನ.) ಆಗ ಸ್ವಾಮಿ ಹೇಳಿದ್ದು ಎರಡು ಮಾತು. ದೊಡ್ಡವನಾಗಬೇಕಾದರೆ ಸೇವಕನಾಗು. ಮೊದಲನೆಯವನಾಗಬೇಕಾದರೆ ಎಲ್ಲರ ಆಳಾಗು. ಮೊದಲನೆಯದನ್ನು ನಾವು ಮೈಕಿನಲ್ಲಿ ಹೇಳಿಕೊಳ್ಳುತ್ತೇವೆ. ‘ಆಳು’ ಅಂತ ಯಾರೂ ಬ್ಯಾನರು ಹಾಕಿಸಿದ್ದು ನಾನು ಕಂಡಿಲ್ಲ. ಅಡಿಕೆ ತೋಟದ ಊರಲ್ಲಿ ಆಳು ಅಂದರೆ ಏನೆಂದು ಎಲ್ಲರಿಗೂ ಗೊತ್ತಲ್ವಾ. ಇವತ್ತು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದೋ, ಕಳೆ ತೆಗೆಯುವುದೋ, ತೀರ್ಮಾನ ಅವನದಲ್ಲ.

ಇದು ನನ್ನ ತಲೆಗೆ ಹೋಗಲು ಮಂಗನ ಕಾಯಿಲೆ ಬರಬೇಕಾಯಿತು.

ಪಾದ್ರಿಯ ಕೈಕೆಳಗೆ ಹಳ್ಳಿಯ ಸಭೆ ನಡೆಸುವ ಉಪದೇಶಿಯಾಗಿ ಬಂದ ಮೊದಲ ಹದಿನೈದು ವರ್ಷ ನಾನೇ ಚರ್ಚು ಗುಡಿಸಿದೆ. ನಾನೇ ಗಂಟೆ ಹೊಡೆದೆ, ಬೆಂಚು ಒರೆಸಿದೆ, ಕಾಣಿಕೆ ಎಣಿಸಿದೆ, ಲೆಕ್ಕ ಬರೆದೆ. ಬೀಗದ ಕೈ ಉಡಿದಾರದಲ್ಲೇ ಇರುತ್ತಿತ್ತು. ‘ನಮ್ಮ ಉಪದೇಶಿಗೆ ಒಂಚೂರೂ ಜಂಬ ಇಲ್ಲ’ ಅಂತ ಜನ ಹೇಳುತ್ತಿದ್ದರು. ಕೇಳಲು ಹಿತವಾಗಿತ್ತು. ಸುಮ್ನೆ ಯಾಕೆ ಸುಳ್ಳು ಹೇಳಲಿ, ಆ ಮಾತು ಕೇಳಲೆಂದೇ ಕೆಲವು ಸಲ ಪೊರಕೆ ಹಿಡಿದದ್ದೂ ಇದೆ.

ಒಂದು ಬೇಸಿಗೆಯಲ್ಲಿ ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋದವನಿಗೆ ಉಣುಗು ಕಚ್ಚಿ ಜ್ವರ ಹಿಡಿಯಿತು. (ನೀನು ಪೇಟೆಯಲ್ಲಿ ಬೆಳೆದವನು, ತಿಳಿದಿರಲಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಈ ಕಾಯಿಲೆ ಮೊದಲು ಪತ್ತೆಯಾದದ್ದು. ಬೇಸಿಗೆಯಲ್ಲಿ ಕಾಡಂಚಿನ ಮನೆಗಳಿಗೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೋ.) ಭಾನುವಾರ ಅಡಿಕೆ ಕೊನೆ ಇಳಿಸುವ ಒಬ್ಬ ಕೊನೆಗಾರ ಬಂದು ಬೀಗದ ಕೈ ಕೇಳಿದ. ಆ ಜ್ವರದಲ್ಲೂ ನಾನು ‘ನಾನು ಬರುವವರೆಗೆ ಬೇಡ’ ಅಂದೆ. ಜನ ಜಗಲಿಯ ಮೇಲೆ ಕೂತು ಆರಾಧನೆ ಮಾಡಿದರು. ಓದಲು ಬಾರದ ಒಬ್ಬ ಅಜ್ಜಿ 23ನೇ ಕೀರ್ತನೆಯನ್ನು ಬಾಯಿಪಾಠ ಹೇಳಿದಳಂತೆ. ಮರ ಹತ್ತುವ ಆ ಕೊನೆಗಾರನೇ ಪ್ರಾರ್ಥನೆ ಮಾಡಿದನಂತೆ. ಮೂರನೇ ವಾರ ನಿನ್ನ ದೊಡ್ಡಮ್ಮ, ನಾನು ಮಲಗಿದ್ದಾಗ ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ಆರಾಧನೆ ಬಹಳ ಚೆನ್ನಾಗಿ ಆಯಿತು ಅಂತ ಬಂದು ಹೇಳಿದಾಗ ನನಗೆ ಸಂತೋಷ ಆಗಬೇಕಿತ್ತು. ಹೊಟ್ಟೆ ಉರಿಯಿತು, ಪುಟ್ಟಾ.

ಅದೇ ಅಜ್ಜಿ ಒಂದು ಸಂಜೆ ಗಂಜಿ ತಂದಳು. ನನಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಬಿಸಿನೀರಲ್ಲಿ ಬಟ್ಟೆ ಅದ್ದಿ ನನ್ನ ಕಾಲು ಒರೆಸಲು ಬಂದಾಗ ಕಾಲು ಹಿಂದಕ್ಕೆ ಎಳೆದುಕೊಂಡೆ. ‘ಪೇತ್ರನ ಹಾಗೆ ಹಠ ಮಾಡಬೇಡಿ’ ಅಂದಳು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ, ಪೇತ್ರ ಮೊದಲು ಒಲ್ಲೆ ಅಂದ ಯೋಹಾನ 13ರ ಮೇಲೆ ಎಷ್ಟು ಪ್ರಸಂಗ ಮಾಡಿದ್ದೆನೋ. ಎಲ್ಲದರಲ್ಲೂ ನಾನು ಸೊಂಟಕ್ಕೆ ಟವೆಲು ಕಟ್ಟಿಕೊಂಡವನ ಕಡೆಯೇ ನಿಂತಿದ್ದೆ. ಕಾಲು ತೊಳೆಸಿಕೊಳ್ಳಲು ಒಲ್ಲೆ ಅಂದವನ ಜಾಗದಲ್ಲಿ ನನ್ನನ್ನು ಒಮ್ಮೆಯೂ ಇಟ್ಟು ನೋಡಿರಲಿಲ್ಲ. ಕಾಲು ಮುಂದೆ ಚಾಚಿದೆ. ಅವತ್ತು ಅತ್ತೆ.

ಗುಡಿಸಿದ್ದು ಸುಳ್ಳಲ್ಲ. ಆದರೆ ಯಾವುದನ್ನು, ಯಾವಾಗ, ಹೇಗೆ ಅನ್ನುವುದೆಲ್ಲ ನನ್ನದೇ ಆಗಿತ್ತು. ಆಳಿನ ಬಟ್ಟೆ ತೊಟ್ಟ ಯಜಮಾನ ನಾನು. ಆದ್ದರಿಂದ ನೀನು ಪೊರಕೆ ಹಿಡಿದ ಸುದ್ದಿ ಕೇಳಿ ನನಗೆ ದೊಡ್ಡ ಖುಷಿಯೇನೂ ಆಗುವುದಿಲ್ಲ. ಕಮಿಟಿಯಲ್ಲಿ ನಿನ್ನ ಮಾತು ಬಿದ್ದುಹೋದ ದಿನ ನೀನು ಹೇಗಿದ್ದೆ, ಅದನ್ನು ಬರೆ.

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನನಗೆ ಈಗ ಬಹಳ ಇಷ್ಟ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯ ಆಗುತ್ತಿದೆ ಅಂತ ದೂರು ಬಂತು. ಅಪೊಸ್ತಲರು ತಾವೇ ಹೋಗಿ ಬಡಿಸಲಿಲ್ಲ, ನೀವೇ ಏಳು ಜನರನ್ನು ಆರಿಸಿ ಅಂದರು. ಆರಿಸಿದವರ ಹೆಸರು ಓದು, ಸ್ತೆಫನ, ಫಿಲಿಪ್ಪ, ಹೀಗೆ ಏಳೂ ಗ್ರೀಕ್ ಹೆಸರು. ದೂರು ಕೊಟ್ಟವರ ಕೈಗೇ ಸೌಟು ಹೋಯಿತು. ನಿನ್ನ ಸಭೆಯಲ್ಲಿ ಜಾಸ್ತಿ ಗೊಣಗುವವರು ಯಾರು ಅಂತ ಮೊದಲ ತಿಂಗಳೇ ತಿಳಿದುಕೋ. ಅವರನ್ನು ದೂರ ಇಡಬೇಡ.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಣಿಕೆ ನೀನು ಎಣಿಸಬೇಡ. ಇಬ್ಬರು ಎಣಿಸಲಿ, ಅವತ್ತೇ ಬೋರ್ಡಿನ ಮೇಲೆ ಬರೆಯಲಿ. ಪೌಲನಂಥ ಪೌಲನೇ ಯೆರೂಸಲೇಮಿನ ಬಡವರ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಿರಲಿ ಅಂತ ಬೇರೆಯವರನ್ನು ಜೊತೆ ಮಾಡಿಕೊಂಡ.

ಹಾಗಂತ ಎಲ್ಲದಕ್ಕೂ ‘ಹೂಂ’ ಅನ್ನುವುದು ಆಳುತನ ಅಲ್ಲ. ಒಂದು ಕ್ರಿಸ್‌ಮಸ್‌ಗೆ ಎಸ್ಟೇಟಿನ ಮನೆಯವರೊಬ್ಬರು ತಮಗೆ ಮುಂದಿನ ಬೆಂಚು ಖಾಲಿ ಇಡಿಸಲು ಹೇಳಿ ಕಳಿಸಿದರು. ಅವರ ಲೈನಿನ ಕೂಲಿಯವರು ಆಗಲೇ ಅಲ್ಲಿ ಕೂತಿದ್ದರು. ನಾನು ಅವರನ್ನು ಎಬ್ಬಿಸಿದೆ. ಸಭೆಯಲ್ಲಿ ಶ್ರೀಮಂತನಿಗೆ ಒಳ್ಳೆ ಜಾಗ ಕೊಟ್ಟು ಬಡವನನ್ನು ಕೀಳಾಗಿ ಕಾಣಬೇಡಿ ಅನ್ನುವ ಯಾಕೋಬನ ಪತ್ರದ 2ನೇ ಅಧ್ಯಾಯ ಆ ವಾರದ ಪಾಠ ಆಗಿರಲಿಲ್ಲ, ನನ್ನ ಪುಣ್ಯ. ನೀನು ಎಬ್ಬಿಸಬೇಡ.

ಇಲ್ಲಿಯ ಮಾತು ನಿನಗೆ ಮೊದಮೊದಲು ಅರ್ಥ ಆಗದೆ ಹೋಗಬಹುದು. ಕೇಳು. ಕಿಟೆಲ್ ಸಾಹೇಬರು ಜರ್ಮನಿಯಿಂದ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅದರಲ್ಲಿ ಸುಮಾರು 70 ಸಾವಿರ ಪದಗಳಿವೆ, ಗಾದೆಗಳೂ ಇವೆ. ಕಲಿಸಲು ಬಂದ ಮನುಷ್ಯ ‘ಇದಕ್ಕೆ ನೀವು ಏನಂತೀರಿ’ ಅಂತ ಎಷ್ಟು ಜನರ ಮುಂದೆ ನಿಂತಿರಬೇಕು ಯೋಚನೆ ಮಾಡು.

ನಾನು ಉಪದೇಶಿಯಾಗಿದ್ದ ಚಿಕ್ಕ ಸಭೆಯೂ ನಿನ್ನ ಪಾಸ್ಟರೇಟಿಗೇ, ನೀನು ನೋಡಿಕೊಳ್ಳುವ ಸಭೆಗಳ ಗುಂಪಿಗೇ, ಸೇರುತ್ತದೆ ಅಂತ ಕೇಳಿದೆ. ಬಸ್ಸು ಇಳಿದ ಮೇಲೆ ದಾರಿ ಜಾರುತ್ತದೆ, ಒಳ್ಳೆ ಚಪ್ಪಲಿ ಹಾಕು. ಅಜ್ಜಿ ಈಗಿಲ್ಲ. ಚರ್ಚಿನ ಬೀಗದ ಕೈ ಮೂರು ಮಾಡಿಸಿದ್ದೇವೆ. ಒಂದು ಆ ಕೊನೆಗಾರನ ಮನೆಯಲ್ಲಿದೆ, ಇನ್ನೆರಡು ಹೆಂಗಸರ ಹತ್ತಿರ ಇವೆ. ನನ್ನ ಹತ್ತಿರ ಇಲ್ಲ. ನೀನು ಬಂದಾಗ ಅವರನ್ನೇ ಕೇಳಬೇಕು.

ನಿನ್ನ
ದೊಡ್ಡಪ್ಪ