ಬೈನಾಕ್ಯುಲರ್ ಕೊಳ್ಳಲು ಕನ್ನಡಕ ಹಾಕಿಕೊಂಡೇ ಹೋಗಿ

ಮಾನ್ಯ ಸಂಪಾದಕರೇ,

ಅಘನಾಶಿನಿ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಆಮೇಲೆ ನಮ್ಮ ಕಡೆ ಹಕ್ಕಿ ನೋಡಲು ಹೊರಡುವವರು ಜಾಸ್ತಿ ಕಾಣಿಸುತ್ತಿದ್ದಾರೆ. ತುಂಬ ಖುಷಿಯ ವಿಷಯ. ಆದರೆ ಕಾರವಾರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನ್ನ ಹತ್ತಿರ ಇವರಲ್ಲಿ ಕೆಲವರು ಬೇರೆ ಕಾರಣಕ್ಕೆ ಬರುತ್ತಾರೆ. 'ಹೊಸ ಬೈನಾಕ್ಯುಲರ್ ತಗೊಂಡೆ, ಸರಿಯಾಗಿ ಕಾಣೋದೇ ಇಲ್ಲ. ನಂಬರ್ ಬದಲಾಗಿದೆಯಾ ನೋಡಿ ಅಕ್ಕಾ' ಅನ್ನುತ್ತಾರೆ. ಪರೀಕ್ಷೆ ಮಾಡಿದರೆ ನಂಬರ್ ಹಾಗೇ ಇರುತ್ತದೆ. ಅವರ ಕಣ್ಣಿಗೆ ಹೊಂದದ ಬೈನಾಕ್ಯುಲರ್ ಕೊಂಡಿರುತ್ತಾರೆ, ಅಷ್ಟೇ.

ಮೊನ್ನೆ ಅಂಕೋಲೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಮಗ ಆನ್‌ಲೈನಿನಲ್ಲಿ 20x50 ತರಿಸಿಕೊಟ್ಟಿದ್ದನಂತೆ. ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಆಸೆ. ಮೇಷ್ಟ್ರು ಕಣ್ಣಿಗೆ ಹಿಡಿದರೆ ನಡುವೆ ಚಿಕ್ಕದೊಂದು ಬೆಳಕಿನ ತೂತು, ಸುತ್ತ ಕಪ್ಪು. ಕೈ ಸ್ವಲ್ಪ ಅಲುಗಿದರೂ ಎಲ್ಲ ನಡುಗುತ್ತದೆ. ನಾನು ಅವರ ಕನ್ನಡಕದ ಗಾಜಿಗೂ ಕಣ್ಣಿಗೂ ಇರುವ ದೂರ ಅಳೆದೆ. 13 ಮಿಲಿಮೀಟರ್ ಇತ್ತು. ಅವರ ಬೈನಾಕ್ಯುಲರಿನ ಐ ರಿಲೀಫ್ ಬರೀ 10 ಮಿಲಿಮೀಟರ್. ಅಂದಮೇಲೆ ಕಾಣುವುದು ಹೇಗೆ?

ಈ ಐ ರಿಲೀಫ್ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕೇ ಈ ಪತ್ರ. ಕಣ್ಣಿಡುವ ಕಡೆಯ ಗಾಜಿನಿಂದ ನಮ್ಮ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದಾಗ ಪೂರ್ತಿ ನೋಟ ಸಿಗುತ್ತದೆ ಅನ್ನುವ ಅಳತೆ ಇದು. ಕನ್ನಡಕ ಇಲ್ಲದವರಿಗೆ ಕಡಿಮೆ ಇದ್ದರೂ ನಡೆಯುತ್ತದೆ. ಕನ್ನಡಕದವರಿಗೆ ನಡೆಯುವುದಿಲ್ಲ. ಕಣ್ಣಿಂದ ಕನ್ನಡಕದ ಗಾಜಿಗೇ 12-14 ಮಿಲಿಮೀಟರ್ ಹೋಗುತ್ತದೆ. ಗಾಜಿನ ದಪ್ಪ ಬೇರೆ. ಹಾಗಾಗಿ ಕನ್ನಡಕ ಹಾಕುವವರು 16 ಮಿಲಿಮೀಟರಿಗಿಂತ ಕಡಿಮೆ ಇರುವುದನ್ನು ಮುಟ್ಟಲೇಬೇಡಿ. 17-18 ಇದ್ದರೆ ಆರಾಮ. ಕಣ್ಣಿಗೆ ತಾಗುವ ರಬ್ಬರ್ ಕಪ್ ಇರುತ್ತದಲ್ಲ, ಅದನ್ನು ತಿರುಗಿಸಿ ಪೂರ್ತಿ ಕೆಳಗಿಳಿಸಿ ನೋಡಬೇಕು. ಕನ್ನಡಕ ಇಲ್ಲದವರು ಮೇಲೆತ್ತಿ ನೋಡಬೇಕು.

ಮೇಷ್ಟ್ರಿಗೆ ನನ್ನ 8x42 ಕೊಟ್ಟೆ, ಕಪ್ ಇಳಿಸಿ. ಎದುರಿನ ಕಟ್ಟಡದ ನೀರಿನ ಟ್ಯಾಂಕ್ ಮೇಲೆ ಗರುಡ ಕೂತಿತ್ತು. 'ಕೊಕ್ಕಿನ ತುದಿಯ ಬಾಗು ಸಹಿತ ಕಾಣ್ತದಲ್ಲೇ ತಂಗಿ!' ಅಂದರು. ಎಂಟೇ ಪಟ್ಟು. ಇಪ್ಪತ್ತರಲ್ಲಿ ಕಾಣದ್ದು ಎಂಟರಲ್ಲಿ ಕಂಡಿತು.

'ಕನ್ನಡಕ ತೆಗೆದು ನೋಡಿದರೆ ಆಯ್ತಲ್ವಾ?' ಅಂತ ಬಹಳ ಜನ ಕೇಳುತ್ತಾರೆ. ನಿಮ್ಮ ಚೀಟಿ ನೋಡಿ. ಬರೀ ದೂರದ ಮೈನಸ್ ಅಥವಾ ಪ್ಲಸ್ ನಂಬರ್ ಇದ್ದು, ಅದು ತೀರಾ ಹೆಚ್ಚಿಲ್ಲದಿದ್ದರೆ ಫೋಕಸ್ ಚಕ್ರ ತಿರುಗಿಸಿ ಸರಿಮಾಡಿಕೊಳ್ಳಬಹುದು. ಓದಲು ಮಾತ್ರ ಕನ್ನಡಕ ಹಾಕುವವರು ಧಾರಾಳವಾಗಿ ತೆಗೆದಿಡಿ. ಆದರೆ ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ವಕ್ರತೆಯ ದೋಷದ ನಂಬರ್, 1ಕ್ಕಿಂತ ಜಾಸ್ತಿ ಇದ್ದರೆ ಕನ್ನಡಕ ಬೇಕೇ ಬೇಕು. ಆ ದೋಷವನ್ನು ಫೋಕಸ್ ಚಕ್ರ ಸರಿಮಾಡುವುದಿಲ್ಲ. ಇನ್ನೊಂದು ಮಾತು. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಮರದ ತುದಿಗೆ ಮಂಗಟ್ಟೆ ಬಂತು ಅಂದಾಗ ಕನ್ನಡಕ ತೆಗೆದು, ಜೇಬಿಗೆ ಹಾಕಿ, ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಕನ್ನಡಕ ಹಾಕಿಕೊಂಡೇ ನೋಡುವ ಅಭ್ಯಾಸ ಒಳ್ಳೆಯದು. ಬೈಫೋಕಲ್, ಪ್ರೊಗ್ರೆಸಿವ್ ಗಾಜಿನವರು ಮೇಲಿನ ಭಾಗದಿಂದ ನೋಡಬೇಕು.

ಬೈನಾಕ್ಯುಲರ್ ಮೇಲೆ ಬರೆದಿರುವ ಅಂಕಿಯ ವಿಷಯಕ್ಕೆ ಬರುತ್ತೇನೆ. 8x42 ಅಂದರೆ ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಬೀಳುವ ಬೆಳಕಿನ ಬೊಟ್ಟಿನ ಅಗಲ ಅದು. 10x42ಕ್ಕೆ 4.2. ಮೇಷ್ಟ್ರ 20x50ಕ್ಕೆ ಬರೀ 2.5. ಬಿಸಿಲಲ್ಲಿ ನಮ್ಮ ಪಾಪೆ 2-3 ಮಿಲಿಮೀಟರಿಗೆ ಕುಗ್ಗಿರುತ್ತದೆ, ಹಾಗಾಗಿ ಮಾಜಾಳಿಯ ಕಡಲ ದಂಡೆಯಲ್ಲಿ ಮಧ್ಯಾಹ್ನ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಕಾಳಿ ಕಾಡಿನ ಮುಂಜಾವಿನ ಮಬ್ಬಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎಳೆಯರ ಪಾಪೆ ಕತ್ತಲಲ್ಲಿ 7ರವರೆಗೆ ಅರಳುತ್ತದೆ. ವಯಸ್ಸಾದಂತೆ 5ರ ಆಸುಪಾಸಿಗೆ, ಇನ್ನೂ ಕೆಳಕ್ಕೆ ಇಳಿಯುತ್ತದೆ. ಪಾಪೆಗಿಂತ ಅಗಲದ ಬೆಳಕಿನ ಬೊಟ್ಟು ಪೂರ್ತಿ ಕಣ್ಣೊಳಗೆ ಹೋಗುವುದಿಲ್ಲ. ಹಾಗಾಗಿ ಅರವತ್ತು ದಾಟಿದವರು ಭಾರದ 7x50 ಹೊತ್ತುಕೊಂಡು ತಿರುಗುವುದರಲ್ಲಿ ಲಾಭ ಕಡಿಮೆ. ಅವರಿಗೆ ಹಗುರವಾದ 8x32 ಕೂಡ ಸಾಕಾಗಬಹುದು.

ಬೈನಾಕ್ಯುಲರ್ ಚೆನ್ನಾಗಿದ್ದರೂ ಎಷ್ಟೋ ಜನ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದೇ ಇಲ್ಲ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ. ಸಾಮಾನ್ಯವಾಗಿ ಬಲಗಣ್ಣಿನ ಕಡೆ ಒಂದು ಬಳೆ ಇರುತ್ತದೆ, ಅದಕ್ಕೆ ಡಯಾಪ್ಟರ್ ಅನ್ನುತ್ತಾರೆ. ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ. ನಡುವಿನ ಚಕ್ರ ತಿರುಗಿಸಿ ದೂರದ ಒಂದು ಬೋರ್ಡಿನ ಅಕ್ಷರ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಳೆ ಮಾತ್ರ ತಿರುಗಿಸಿ ಅದೇ ಅಕ್ಷರ ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಬಳೆ ಎಲ್ಲಿಗೆ ನಿಂತಿತು ನೆನಪಿಡಿ. ಮೋತಿಬಿಂದು ಶಸ್ತ್ರಚಿಕಿತ್ಸೆ ಆದವರು, ಹೊಸ ನಂಬರ್ ಬಂದವರು ಇದನ್ನು ಮತ್ತೆ ಮಾಡಲೇಬೇಕು.

ಹೊಂದಿಸಿಕೊಂಡ ಮೇಲೂ ಸ್ವಲ್ಪ ಹೊತ್ತಿಗೇ ತಲೆ ಹಿಡಿದರೆ, ಒಂದು ಕಂಬ ಎರಡಾಗಿ ಕಂಡರೆ ಎರಡು ಕೊಳವೆಗಳ ನೇರ ತಪ್ಪಿದೆ ಅಂತ ಅರ್ಥ. ಸುಮ್ನೆ ಕಣ್ಣು ನೋಯಿಸಿಕೊಳ್ಳಬೇಡಿ, ವಾಪಸ್ ಕೊಡಿ. ನಮ್ಮ ಕರಾವಳಿಯ ಮಳೆಗಾಲಕ್ಕೆ ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್ ಮಾದರಿಯೇ ವಾಸಿ. ಇಲ್ಲದಿದ್ದರೆ ಒಳಗಿನ ಗಾಜಿಗೆ ಬೂಸ್ಟು ಹಿಡಿಯುತ್ತದೆ.

ಮಾರುವವರಲ್ಲಿ ನನ್ನ ಬೇಡಿಕೆ ಇಷ್ಟು. ಡಬ್ಬದ ಮೇಲೆ ಎಷ್ಟು ಪಟ್ಟು ಅನ್ನುವುದನ್ನು ದೊಡ್ಡದಾಗಿ ಬರೆಯುವಂತೆ ಐ ರಿಲೀಫ್ ಎಷ್ಟು ಅಂತಲೂ ಬರೆಯಿರಿ. ಎರಡು ಕೊಳವೆ ಎಷ್ಟು ಹತ್ತಿರಕ್ಕೆ ಮಡಚುತ್ತವೆ ಅನ್ನುವುದನ್ನೂ ಬರೆಯಿರಿ. ಬಹಳಷ್ಟು ಮಾದರಿಗಳು 56 ಮಿಲಿಮೀಟರಿಗಿಂತ ಹತ್ತಿರ ಬರುವುದಿಲ್ಲ. ಪ್ರಾಥಮಿಕ ಶಾಲೆಯ ಎಷ್ಟೋ ಮಕ್ಕಳ ಪಾಪೆಗಳ ನಡುವಿನ ದೂರ ಅದಕ್ಕಿಂತ ಕಡಿಮೆ. ಆ ಮಕ್ಕಳು ಒಂದೇ ಕಣ್ಣಲ್ಲಿ ನೋಡಿ, ಏನೂ ಕಾಣಲಿಲ್ಲ ಅಂತ ವಾಪಸ್ ಕೊಡುತ್ತಾರೆ. ಶಾಲೆಗೆ ಬೈನಾಕ್ಯುಲರ್ ಕೊಡಿಸುವ ದಾನಿಗಳು, ಶಿಕ್ಷಕರು ದಯವಿಟ್ಟು ಇದನ್ನು ಗಮನಿಸಿ. ಕೊಳ್ಳುವ ಮುಂಚೆ ಯಾವುದಾದರೂ ಕನ್ನಡಕದ ಅಂಗಡಿಯಲ್ಲಿ ಮಕ್ಕಳ ಅಳತೆ ತೆಗೆಸಿ. ಸ್ಕೇಲಿನಲ್ಲಿ ಒಂದು ನಿಮಿಷದ ಕೆಲಸ. ನನ್ನ ಅಂಗಡಿಯಲ್ಲಿ ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಕನ್ನಡಕದ ಅಂಗಡಿಯ ಓದುಗಿ,
ಕಾರವಾರ