ಮೋರಿಗೆ ಹಾಸಿದ ವೀರಗಲ್ಲನ್ನು ಮೇಲೆತ್ತಿಸಿ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮೂರ ರಸ್ತೆಯ ಮೋರಿಗೆ ಚಪ್ಪಡಿಯಾಗಿ ಹಾಕಿರುವ ವೀರಗಲ್ಲನ್ನು ತೆಗೆಸಿ, ಅದು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿಕೊಡಬೇಕು. ಇಷ್ಟೇ ನನ್ನ ಕೋರಿಕೆ. ಇದನ್ನೇ ಅರ್ಜಿಯಲ್ಲಿ ಬರೆದು ಬರೆದು ಸಾಕಾಗಿ ಈಗ ಎಲ್ಲರ ಕಣ್ಣೆದುರು ಬರೆಯುತ್ತಿದ್ದೇನೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಗಳು ಸೇರಿ ಒಂದು ಕಡತವೇ ಆಗಿದೆ. ಅದು ಯಾವ ಕಚೇರಿಯಲ್ಲಿದೆಯೋ ತಿಳಿಯದು, ನನ್ನ ಮನೆಯಲ್ಲಂತೂ ಇದೆ.

ನಡೆದದ್ದನ್ನು ಹೇಳುತ್ತೇನೆ. ಊರ ಬಾಗಿಲಿನ ಪಾಳು ಗುಡಿಯ ಪಕ್ಕದಲ್ಲಿ ಎದೆಯೆತ್ತರದ ಕಲ್ಲೊಂದು ನಿಂತಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿರಿದ ವೀರ, ನಡುವೆ ಅವನನ್ನು ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ನೆತ್ತಿಯಲ್ಲಿ ಸೂರ್ಯ, ಚಂದ್ರ. ಸುಗ್ಗಿಯ ಹೊತ್ತಿಗೆ ಊರ ಹೆಂಗಸರು ಅದಕ್ಕೆ ಎಣ್ಣೆ ಸವರಿ ಹೂವಿಡುತ್ತಿದ್ದರು. ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಒಂದೇ ಬೆಳಗಿನಲ್ಲಿ ಅದನ್ನು ಉರುಳಿಸಿತು. ಸಂಜೆ ತೋಟದಿಂದ ಹಿಂದಿರುಗುವಾಗ ನೋಡಿದರೆ ಕಲ್ಲು ಮೋರಿಯ ಮೇಲೆ ಅಂಗಾತ ಮಲಗಿತ್ತು. ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯನ್ನು ಕೇಳಿದೆ. ಆತ ಸಿಟ್ಟಾಗಲಿಲ್ಲ, ನನಗೆ ಸಮಾಧಾನವಾಗಲೆಂದೇ ವಿವರಿಸಿದ: "ಕೆತ್ತನೆ ಇರುವ ಮಗ್ಗುಲು ಮೇಲೆ ಬರುವ ಹಾಗೆ ಹಾಕಿಸಿದ್ದೇನೆ ಸಾರ್, ಮಳೆಗಾಲದಲ್ಲಿ ಟೈರು ಜಾರುವುದಿಲ್ಲ."

ಶಾಸಕರೇ, ಊರಿಗಾಗಿ ಪ್ರಾಣ ಕೊಟ್ಟವನ ಮುಖ ಟ್ರ್ಯಾಕ್ಟರಿಗೆ ಹಿಡಿತ ಕೊಡುತ್ತಿದೆ. ಈಗ ಕತ್ತಿ ಹಿಡಿದ ಕೈ ಅರ್ಧ ಸವೆದಿದೆ. ಒಬ್ಬ ಅಪ್ಸರೆಗೆ ಮೂಗಿಲ್ಲ. ಕಾಫಿ ಮೂಟೆ ಹೊತ್ತ ನನ್ನ ಗಾಡಿಯೂ ಅದೇ ದಾರಿಯಲ್ಲಿ ಹೋಗಬೇಕು, ಬೇರೆ ದಾರಿಯಿಲ್ಲ. ಪ್ರತಿ ಸಲವೂ ಬ್ರೇಕು ಒತ್ತಿ ನಿಧಾನ ಮಾಡುತ್ತೇನೆ, ಕಲ್ಲಿಗೆ ಅದರಿಂದ ಏನೂ ಉಪಕಾರವಿಲ್ಲವೆಂದು ಗೊತ್ತಿದ್ದರೂ.

ನಿಯಮ ತಮಗೆ ನಾನು ಹೇಳಿಕೊಡಬೇಕಿಲ್ಲ. ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತು ಎನ್ನುವ 1972ರ ಕಾಯ್ದೆಯೂ, ರಾಜ್ಯದ 1961ರ ಸ್ಮಾರಕ ಕಾಯ್ದೆಯೂ ತಮಗೆ ತಿಳಿದವೇ. ಕಚೇರಿಗಳಿಗೂ ತಿಳಿದಿವೆ. ಅಲ್ಲಿ ನನಗೆ ಸಿಕ್ಕ ಉತ್ತರಗಳು ಮಾತ್ರ ಬೇರೆ. ಒಂದು ಕಚೇರಿಯವರು "ಆ ಕಲ್ಲು ನಮ್ಮ ಸಂರಕ್ಷಿತ ಪಟ್ಟಿಯಲ್ಲಿಲ್ಲ" ಎಂದರು. ಇನ್ನೊಂದು ಕಚೇರಿಯವರು "ಕಾಮಗಾರಿ ಮುಗಿದು ಬಿಲ್ಲೂ ಆಗಿದೆ, ಈಗ ಚಪ್ಪಡಿ ತೆಗೆದರೆ ಮೋರಿಗೆ ಹೊಣೆ ಯಾರು?" ಎಂದು ನನ್ನನ್ನೇ ಕೇಳಿದರು. ಸರ್ಕಾರಿ ದಾಖಲೆಯಲ್ಲಿ ಅದು ವೀರಗಲ್ಲಾಗುವ ಮೊದಲೇ ಮೋರಿಯ ಆಸ್ತಿಯಾಗಿಬಿಟ್ಟಿದೆ. ಸ್ಥಳ ಪರಿಶೀಲನೆಗೆ ಬರುತ್ತೇವೆಂದವರ ಹಾದಿ ಕಾಯುತ್ತಾ ಕೊಯ್ಲಿನ ದಿನಗಳಲ್ಲಿ ಆಳುಗಳನ್ನು ಅವರ ಪಾಡಿಗೆ ಬಿಟ್ಟು ರಸ್ತೆಯಲ್ಲಿ ನಿಂತಿದ್ದೇನೆ. ಯಾರೂ ಬರಲಿಲ್ಲ. ನಷ್ಟದ ಲೆಕ್ಕ ಇಲ್ಲಿ ಬೇಡ, ಅದನ್ನು ನನ್ನ ಹೆಂಡತಿ ಆಗಾಗ ಹೇಳುತ್ತಲೇ ಇರುತ್ತಾಳೆ.

ಕೊಡಗೆಂದರೆ ಜಲಪಾತ, ಮಂಜು, ಹೋಂಸ್ಟೇ ಎಂದೇ ಹೊರಗಿನವರು ತಿಳಿದಿದ್ದಾರೆ. ಅವರದು ತಪ್ಪಲ್ಲ, ನಾವು ತೋರಿಸಿದ್ದೇ ಅಷ್ಟು. ಉತ್ತರ ಕೊಡಗಿನ ಈ ಸೀಮೆಯನ್ನು ಚೋಳರ ಅಧೀನದಲ್ಲಿ ಕೊಂಗಾಳ್ವರು ಆಳಿದರು. ಅವರ ಕಾಲದ, ಹನ್ನೊಂದನೆಯ ಶತಮಾನದ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು ಮುಳ್ಳೂರಿನಲ್ಲಿವೆ. ಕಕ್ಕಬ್ಬೆಯ ಹತ್ತಿರ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ತೊಡಗಿದ ನಾಲ್ಕುನಾಡು ಅರಮನೆ ಇದೆ. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದು ಅಲ್ಲೇ. ಅರಸರ ಸಮಾಧಿಯಿರುವ ಮಡಿಕೇರಿಯ ಗದ್ದಿಗೆ, ಕೋಟೆಯೊಳಗಿನ ಗಾರೆಯ ಆನೆಗಳು ಇವೆಲ್ಲ ತಮ್ಮ ಭಾಷಣದಲ್ಲೂ ಬರುತ್ತವೆ. ಸಂತೋಷ. ಆದರೆ ಅರಸರಿಗೆ ಗದ್ದಿಗೆ ಉಂಟು, ಅವರ ಕಾಲಾಳಿಗೆ ಮೋರಿಯೇ? ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಶಾಸನಗಳ ಸಂಪುಟ ಮಾಲೆಯನ್ನು ಹೊರತರಲು ಹೊರಟಾಗ ಮೊದಲನೆಯ ಸಂಪುಟವೇ ಕೊಡಗಿನದು. ಇಂಥ ರಸ್ತೆಗಳಿಲ್ಲದ ಕಾಲದಲ್ಲಿ ಕಲ್ಲುಗಳನ್ನು ಹುಡುಕಿ ಓದಿ ಅಚ್ಚು ಹಾಕಿಸಿದರು. ನಾವು ರಸ್ತೆ ಮಾಡಿಕೊಂಡೆವು, ಕಲ್ಲನ್ನು ಅದರಡಿಗೆ ಹಾಕಿದೆವು.

ಮೊನ್ನೆ ಹಾಸನದ ಕಡೆಯಿಂದ ಒಬ್ಬ ಉಪನ್ಯಾಸಕರು ವೀರಗಲ್ಲುಗಳನ್ನು ನೋಡುತ್ತಾ ಬಂದಿದ್ದರು. ನಾನೇ ಕರೆದುಕೊಂಡು ಹೋದೆ. ಅವರು ಮೋರಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಕರವಸ್ತ್ರದಿಂದ ಕೆಸರೊರೆಸಿ ಫೋಟೊ ತೆಗೆಯುತ್ತಿದ್ದರೆ, ಹಿಂದೆ ಮರಳಿನ ಟಿಪ್ಪರ್ ಹಾರನ್ ಹೊಡೆಯುತ್ತಿತ್ತು. ಎದ್ದು ಪಕ್ಕಕ್ಕೆ ಬಂದವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ತಮ್ಮ ಕಚೇರಿಯ ಸ್ವೀಕೃತಿ ಬಿಟ್ಟು ಬೇರೇನಿತ್ತು?

ಆದ್ದರಿಂದ ಮತ್ತೊಮ್ಮೆ ಕೋರುತ್ತೇನೆ: ಆ ಕಲ್ಲನ್ನು ಮೇಲೆತ್ತಿಸಿ. ಮುಂಗಾರು ಶುರುವಾಗುವ ಮೊದಲೇ ಎತ್ತಿಸಿ, ಆಮೇಲೆ ಜೆಸಿಬಿ ಸಿಗುವುದಿಲ್ಲ, ಸಿಕ್ಕರೂ ಹೂತುಕೊಳ್ಳುತ್ತದೆ. ಗುಡಿಯ ಪಕ್ಕದಲ್ಲಿ ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಪಟ್ಟಿಯಲ್ಲಿಲ್ಲದ ಇಂಥ ಕಲ್ಲುಗಳು ಪ್ರತಿ ಊರಿನಲ್ಲೂ ಬೇಲಿ ಪಕ್ಕ, ಗದ್ದೆಬದುವಿನಲ್ಲಿ ನಿಂತಿವೆ. ಮುಂದಿನ ರಸ್ತೆಗೆ ಅಂದಾಜುಪಟ್ಟಿ ಬರೆಯುವ ಮೊದಲು ಅವನ್ನೆಲ್ಲ ಪಟ್ಟಿ ಮಾಡಿಸಿ. ಅದಾಗದಿದ್ದರೆ ಇದೊಂದನ್ನಾದರೂ ಎತ್ತಿಸಿ.

ಅನುದಾನವಿಲ್ಲ ಎಂಬ ಉತ್ತರ ಬರಬಹುದೆಂದು ಮೊದಲೇ ತಿಳಿಸಿಬಿಡುತ್ತೇನೆ. ಮೋರಿಗೆ ಬೇಕಾದ ಸಿಮೆಂಟ್ ಚಪ್ಪಡಿಯ ಖರ್ಚನ್ನು ಊರವರೇ ಕೊಡಲು ಒಪ್ಪಿದ್ದಾರೆ. ಹಣ ಯಾವ ಕಚೇರಿಯಲ್ಲಿ ಕಟ್ಟಬೇಕೆಂಬುದನ್ನಾದರೂ ಲಿಖಿತವಾಗಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಉತ್ತರ ಕೊಡಗಿನ ಒಬ್ಬ ಕಾಫಿ ಬೆಳೆಗಾರ