ಧೂಪ ಕಡಿದಲ್ಲಿ ಧೂಪವನ್ನೇ ನೆಡಿಸಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಮ್ಮ ಕಡೆ ಘಟ್ಟದ ರಸ್ತೆ ಅಗಲ ಮಾಡುವಾಗ ಸಾಲುಧೂಪದ ಮರಗಳನ್ನು ಸಾಲಿಗೆ ಸಾಲೇ ಉರುಳಿಸಿದರು. ಇಬ್ಬರು ಸೇರಿದರೂ ತಬ್ಬಲಾಗದ ಮರಗಳು. ರಸ್ತೆ ಬೇಕಿತ್ತು, ಒಪ್ಪಿಕೊಂಡೆವು. ಆದರೆ ಬದಲಿಗೆ ನೆಟ್ಟಿದ್ದು ಅಕೇಶಿಯಾ. ವರ್ಷಗಟ್ಟಲೆ ಅರ್ಜಿ ಕೊಟ್ಟು ಸಾಕಾಗಿದೆ. ಅದಕ್ಕೇ ಈ ಪತ್ರ.

1976ರ ವೃಕ್ಷ ಸಂರಕ್ಷಣಾ ಕಾಯಿದೆ ನಿಮಗೆ ಗೊತ್ತೇ ಇದೆ. ಕಡಿದ ಮರಕ್ಕೆ ಬದಲಾಗಿ ಅದೇ ಜಾತಿಯ ಗಿಡ ನೆಡಬೇಕು, ಇಲ್ಲವೇ ಸೂಕ್ತವಾದ ಬೇರೆಯದ್ದು. ಮಳೆಕಾಡಿನ ಅಂಚಿಗೆ ಆಸ್ಟ್ರೇಲಿಯಾದ ಗಿಡ ಹೇಗೆ ಸೂಕ್ತವಾಯಿತು ಸ್ವಾಮಿ?

ನರ್ಸರಿಯಲ್ಲಿ ಕೇಳಿದರೆ, "ಧೂಪದ ಬೀಜ ಹುಟ್ಟೋದಿಲ್ಲ, ಹಾಕಿ ನೋಡಿದ್ದೀವಿ" ಅಂದರು. ಯಾವಾಗ ಹಾಕಿದಿರಿ ಅಂತ ಕೇಳಿದೆ. ಮಳೆಗಾಲದಲ್ಲಿ ಆರಿಸಿದ ಬೀಜವನ್ನು ಗೋಣಿಚೀಲದಲ್ಲಿ ಕಟ್ಟಿಟ್ಟು, ಬೇಸಿಗೆಯಲ್ಲಿ ಪಾಕೀಟಿಗೆ ಹಾಕಿದ್ದರಂತೆ! ಉಳಿದ ಚೀಲ ಶೆಡ್ಡಿನ ಮೂಲೆಯಲ್ಲೇ ಇತ್ತು. ಬಿಚ್ಚಿ ನೋಡಿದೆ. ಬೀಜವೆಲ್ಲ ಒಣಗಿ ಸುಕ್ಕುಗಟ್ಟಿತ್ತು. ಒಂದನ್ನು ಒಡೆದರೆ ಒಳಗೆಲ್ಲ ಕಪ್ಪು. ಸಿಟ್ಟು ಬಂತು, ಅಳುವೂ ಬಂತು. ಧೂಪದ ಬೀಜ ಭತ್ತದ ಹಾಗೆ ಇಟ್ಟು ಬಿತ್ತುವಂಥದ್ದಲ್ಲ. ಒಣಗಿದರೆ ಸತ್ತುಹೋಗುತ್ತದೆ. ಮಳೆ ಹಿಡಿದ ಮೇಲೆ ಉದುರುವ ಕಾಯಿ ಮೂರು ಸೀಳಾಗಿ ಬಿರಿದು, ಬುಡದ ಒದ್ದೆ ನೆಲದಲ್ಲೇ ಬೇರು ಬಿಡುತ್ತದೆ. ನಮ್ಮೂರಲ್ಲಿ ಕಾಯಿ ಆರಿಸುವ ಹೆಂಗಸರನ್ನು ಕೇಳಿದ್ದರೂ ಹೇಳುತ್ತಿದ್ದರು. ಅರಣ್ಯ ಇಲಾಖೆಗೆ ಇಷ್ಟೂ ತಿಳಿಯಬಾರದೇ?

ಈ ಮರ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಒಳ್ಳೆಯ ಕಾಡಿನಲ್ಲಿ 40 ಮೀಟರ್‌ವರೆಗೂ ಏರುತ್ತದೆ. ಬಿಳಿ ಹೂವು ಬಿಟ್ಟಾಗ ಹೆಜ್ಜೇನು ಮುತ್ತಿಕೊಳ್ಳುತ್ತದೆ. ತೊಗಟೆಗೆ ಗಾಯವಾದರೆ ಒಸರುವ ಅಂಟು ಗಟ್ಟಿಯಾಗಿ ರಾಳವಾಗುತ್ತದೆ. ದೇವರ ಮುಂದೆ ಕೆಂಡಕ್ಕೆ ಹಾಕುವ ಧೂಪ ಅದೇ. ವಾರ್ನಿಷ್‌ಗೂ ಹೋಗುತ್ತದೆ. ಬೀಜದ ಕೊಬ್ಬು ಸೋಪು, ಮೇಣದಬತ್ತಿಗೆ. ಹಾಗಾಗಿಯೇ ಗುತ್ತಿಗೆಯವರು ಬುಡದಲ್ಲಿ ಒಂದು ಕಾಯಿಯನ್ನೂ ಬಿಡದೆ ಗುಡಿಸಿಕೊಂಡು ಹೋಗುತ್ತಾರೆ. ಆರಿಸುವವರ ಹೊಟ್ಟೆಪಾಡು ಅದು, ಬೇಡ ಅನ್ನುತ್ತಿಲ್ಲ. ಆದರೆ ಒಂದಷ್ಟು ಕಾಯಿ ನೆಲಕ್ಕೂ ಉಳಿಯಬೇಕಲ್ವಾ? ಮರಿ ಗಿಡ ನೆರಳಲ್ಲಿ ನಿಧಾನಕ್ಕೆ ಮೇಲೆ ಬರುವ ಜಾತಿ ಇದು. ದೊಡ್ಡ ಮರ ಕಡಿದು, ಬೀಜವನ್ನೂ ಗುಡಿಸಿದರೆ ಉಳಿಯುವುದೇನು?

ಹಸಿರು ಹೆಚ್ಚಾಗಿದೆ ಅಂತ ವರದಿ ಬರೆಯುವುದು ಸುಲಭ. ಅಕೇಶಿಯಾ ಬೇಗ ಬೆಳೆಯುತ್ತದೆ, ಫೋಟೋಕ್ಕೆ ಚೆನ್ನಾಗಿರುತ್ತದೆ. ನಮಗೆ ಬೇಕಾದದ್ದು ಫೋಟೋ ಅಲ್ಲ. ಧೂಪ ಕಡಿದಲ್ಲಿ ಧೂಪವನ್ನೇ ನೆಡಿಸಿ.

ಈ ಸಲ ಮಳೆ ಶುರುವಾಗುವ ಮೊದಲೇ ಲಿಖಿತ ಆದೇಶ ಕೊಡಿ. ಕಾಯಿ ಬಿದ್ದ ವಾರದೊಳಗೆ ಬೀಜ ಪಾಕೀಟಿಗೆ ಬೀಳಲಿ. ಪ್ರತಿ ಮರದ ಬುಡದಲ್ಲೂ ಸ್ವಲ್ಪ ಕಾಯಿ ಬಿಡಬೇಕು ಅಂತ ಗುತ್ತಿಗೆಯಲ್ಲೇ ಬರೆಸಿ. ರಸ್ತೆಯ ಮುಂದಿನ ಭಾಗದಲ್ಲಿ ನಿಂತಿರುವ ಮರಗಳಿಗೆ ಆಗಲೇ ನಂಬರ್ ಹೊಡೆದಿದ್ದಾರೆ. ಅವುಗಳಿಗೆ ಕೊಡಲಿ ಬೀಳುವ ಮುಂಚೆ ನೀವೊಮ್ಮೆ ಬಂದು ನೋಡಿ. ಕಡಿಯಲೇಬೇಕು ಅಂತಾದರೆ, ಮತ್ತೆ ಹೇಳುತ್ತೇನೆ, ಧೂಪವನ್ನೇ ನೆಡಿಸಿ.

ಇಂತಿ,
ಘಟ್ಟದ ತಪ್ಪಲಿನ ಒಬ್ಬ ರೈತ